ಕಂಬದೂರಿನ ಬಯಲಿಗೆ ಬಿದ್ದ ಬಲೂನುಗಳು

ನಾವು ಹಾರಿಸುತ್ತಿದ್ದ ಬಲೂನು ನೆಲದ ಮೇಲೆ ಆಳೆತ್ತರವಷ್ಟೇ. ಮೇಲೆ ಹೋದಂತೆ ಸುತ್ತಲಿನ ಒತ್ತಡ ಇಳಿದು, ರಬ್ಬರು ಹಿಗ್ಗಿ ಹಿಗ್ಗಿ ಒಂದು ಮನೆಯಷ್ಟಾಗಿ, ಮೂವತ್ತು ಕಿಲೋಮೀಟರ್ ಎತ್ತರದ ಆಚೆ ಎಲ್ಲೋ ಒಡೆದುಹೋಗುತ್ತದೆ. ಒಡೆದ ಮೇಲೆ ಕೆಳಗೆ ಬರುವುದು ಮೂರೇ ವಸ್ತು: ಒಂದು ಕಾಗದದ ಪ್ಯಾರಾಚೂಟು, ಉದ್ದನೆಯ ದಾರ, ಅದರ ತುದಿಯಲ್ಲಿ ಥರ್ಮಾಕೋಲಿನ ಪೆಟ್ಟಿಗೆ. ರಬ್ಬರಿನ ಚಿಂದಿ ಒಂದಿಷ್ಟು ದಾರಕ್ಕೆ ಅಂಟಿಕೊಂಡು ಬರುತ್ತದೆ, ಉಳಿದದ್ದು ಗಾಳಿಪಾಲು.

ಆಂಧ್ರದ ಗಡಿಯಲ್ಲಿರುವ ಹಿಂದೂಪುರದ ಒಂದು ಕಾಲೇಜಿನವರು ಮೈದಾನದ ಅಂಚಿನಲ್ಲಿ ನಮಗೊಂದು ಕೋಣೆ ಬಿಟ್ಟುಕೊಟ್ಟಿದ್ದರು. ಬೆಂಗಳೂರಿನ ನಮ್ಮ ಸಂಸ್ಥೆಯಿಂದ ಬೆಳಿಗ್ಗೆ ಹೊರಟರೆ ಬಿಸಿಲು ಚುರುಕಾಗುವ ಮುನ್ನ ಅಲ್ಲಿರುತ್ತಿದ್ದೆವು. ನಾವು ಅಂದರೆ ನಾನು ಮತ್ತು ನಮ್ಮ ತಂತ್ರಜ್ಞ. ಅವನು ಹಿಂದೂಪುರದವನೇ, ತಾಯಿಯ ಹತ್ತಿರ ಕನ್ನಡ, ಹೆಂಡತಿಯ ಹತ್ತಿರ ತೆಲುಗು, ಉಪಕರಣಗಳ ಹತ್ತಿರ ಇಂಗ್ಲಿಷು ಮಾತಾಡುತ್ತಿದ್ದ.

ಪೆಟ್ಟಿಗೆಯೊಳಗಿನ ಸಾಧನ ನೋಡಿದರೆ ಯಾರಿಗೂ ಇಷ್ಟೇನಾ ಅನಿಸುತ್ತದೆ. ಎರಡು ಪುಟ್ಟ ಬಟ್ಟಲುಗಳಲ್ಲಿ ಪೊಟ್ಯಾಸಿಯಂ ಅಯೊಡೈಡಿನ ದ್ರಾವಣ, ಒಂದರಲ್ಲಿ ತೆಳು, ಇನ್ನೊಂದರಲ್ಲಿ ಗಾಢ. ಸಣ್ಣದೊಂದು ಪಂಪು ಹೊರಗಿನ ಗಾಳಿಯನ್ನು ಎಳೆದು ತೆಳು ದ್ರಾವಣದೊಳಕ್ಕೆ ಗುಳುಗುಳು ಬಿಡುತ್ತದೆ. ಗಾಳಿಯಲ್ಲಿ ಓಜೋನ್ ಎಷ್ಟಿದೆಯೋ ಅಷ್ಟು ವಿದ್ಯುತ್ತು ಹರಿಯುತ್ತದೆ, ರೇಡಿಯೊ ಆ ಹರಿವನ್ನು ಕೆಳಗೆ ತಿಳಿಸುತ್ತದೆ. ಹಾರಿಸುವ ಕೆಲವು ದಿನ ಮೊದಲಿನಿಂದಲೇ ಇದರ ಸೇವೆ ಶುರುವಾಗುತ್ತಿತ್ತು. ಬಟ್ಟಲು ತೊಳೆಯಬೇಕು, ಪಂಪಿಗೆ ಗಾಢ ಓಜೋನ್ ಕುಡಿಸಿ ಹದಗೊಳಿಸಬೇಕು, ಅದು ಎಷ್ಟು ಗಾಳಿ ಎಳೆಯುತ್ತದೆಂದು ಗಾಜಿನ ಕೊಳವೆಯಲ್ಲಿ ಸೋಪಿನ ಗುಳ್ಳೆ ಏರಿಸಿ ಅಳೆಯಬೇಕು. ಕೊನೆಗೆ ಓಜೋನ್ ಇಲ್ಲದ ಶುದ್ಧ ಗಾಳಿ ಕೊಟ್ಟಾಗಲೂ ಅದು ಎಷ್ಟು ಸುಳ್ಳು ವಿದ್ಯುತ್ತು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಬೇಕು. ಆ ಸುಳ್ಳು ಎಲ್ಲ ಸಾಧನದಲ್ಲೂ ಇರುತ್ತದೆ. ಅದನ್ನು ಕಳೆದರೆ ಮಾತ್ರ ನಿಜ ಸಿಗುತ್ತದೆ.

ನಮಗೆ ಬೇಕಾಗಿದ್ದ ಉತ್ತರ ಹದಿನೇಳು ಕಿಲೋಮೀಟರಿನಿಂದ ಮೇಲೆ, ಮೋಡಗಳ ಆಚೆಗಿನ ಪದರವಾದ ಸ್ತರಗೋಳದ ತಳಭಾಗದಲ್ಲಿ ಇತ್ತು. ಓಜೋನ್ ತಿನ್ನುವ ಅನಿಲಗಳನ್ನು ಜಗತ್ತು ಒಪ್ಪಂದ ಮಾಡಿಕೊಂಡು ಕೈಬಿಟ್ಟಿತು, ಧ್ರುವದ ಮೇಲಿನ ತೂತು ನಿಧಾನವಾಗಿ ವಾಸಿಯಾಗುತ್ತಿದೆ, ಇದು ಎಲ್ಲರಿಗೂ ಗೊತ್ತಿರುವ ಒಳ್ಳೆಯ ಸುದ್ದಿ. ಆದರೆ ನಮ್ಮಂಥ ಉಷ್ಣವಲಯದ ನೆತ್ತಿಯ ಮೇಲೆ, ಆ ತಳಭಾಗದಲ್ಲಿ, ಚೇತರಿಕೆ ಕಾಣುತ್ತಿಲ್ಲ. ಬದಲಿಗೆ ತೆಳುವಾಗುತ್ತಿದೆಯೇನೋ ಎಂಬ ಅನುಮಾನ. ಭೂಮಿ ಬಿಸಿಯಾದಂತೆ ಕೆಳಗಿನ, ಓಜೋನ್ ಕಡಿಮೆಯಿರುವ ಗಾಳಿ ಮುಂಚಿಗಿಂತ ಬೇಗ ಮೇಲಕ್ಕೆ ನುಗ್ಗುತ್ತಿದೆ, ಅಲ್ಲಿ ಓಜೋನ್ ಕಟ್ಟಿಕೊಳ್ಳಲು ಅದಕ್ಕೆ ಸಮಯವೇ ಸಿಗುತ್ತಿಲ್ಲ ಎಂಬುದು ಒಂದು ವಾದ. ಒಂದು ಕಾಯಿಲೆಗೆ ಕೊಟ್ಟ ಮದ್ದು ಹಿಡಿಯುತ್ತಿರುವಾಗಲೇ ಇನ್ನೊಂದು ಕಾಯಿಲೆ ಅದೇ ಜಾಗಕ್ಕೆ ಕೈ ಹಾಕಿದಂತೆ. ಅದು ನಿಜವೋ ಅಲ್ಲವೋ ಹೇಳಬೇಕಾದರೆ ವರ್ಷಗಟ್ಟಲೆ, ತಪ್ಪದೆ, ಒಂದೇ ಜಾಗದಿಂದ ಅಳೆಯಬೇಕು. ಉಪಗ್ರಹಕ್ಕೆ ಅಷ್ಟು ತೆಳು ಪದರ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಬಲೂನು.

ಅಲ್ಲಿ ಇನ್ನೊಂದು ತೊಡಕಿತ್ತು. ಆ ಎತ್ತರದಲ್ಲಿ ಓಜೋನ್ ಎಷ್ಟು ಕಡಿಮೆಯೆಂದರೆ ನಿಜವಾದ ಹರಿವೂ ಸಾಧನದ ಸುಳ್ಳು ಹರಿವೂ ಹೆಚ್ಚುಕಮ್ಮಿ ಒಂದೇ ತೂಕ. ಪೆಟ್ಟಿಗೆ ಮರಳಿ ಸಿಕ್ಕರೆ ಪಂಪನ್ನೂ ಬಟ್ಟಲನ್ನೂ ಮತ್ತೆ ಪರೀಕ್ಷಿಸಿ, ಹಾರಿದ ದಿನದ ಲೆಕ್ಕ ಎಷ್ಟು ನಂಬಬಹುದೆಂದು ತಿಳಿಯಬಹುದು. ಸಿಗದಿದ್ದರೆ ಊಹೆಯೇ ಗತಿ. ಹೆಚ್ಚಿನವು ಸಿಗುತ್ತಿರಲಿಲ್ಲ. ಕೆರೆಗೆ ಬಿದ್ದವು, ಗುಡ್ಡದ ಪೊದೆಯಲ್ಲಿ ಕೂತವು, ಪೆನುಕೊಂಡದ ಹತ್ತಿರ ಒಂದನ್ನು ಯಾರೋ ಕೋಳಿಮರಿಗೆ ಗೂಡು ಮಾಡಿಕೊಂಡಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ಗಾಳಿ ತಿರುಗಿ, ನಮ್ಮ ಪೆಟ್ಟಿಗೆಗಳು ವಾಯವ್ಯಕ್ಕೆ ತೇಲತೊಡಗಿದವು. ಆಗ ಬಂತು ಕಂಬದೂರಿನ ಕಡೆಯಿಂದ ಮೊದಲ ಫೋನು. ಪೆಟ್ಟಿಗೆಯ ಮೇಲೆ ತೆಲುಗು ಕನ್ನಡ ಎರಡರಲ್ಲೂ, 'ಅಪಾಯವಿಲ್ಲ, ಸಿಕ್ಕವರು ಫೋನ್ ಮಾಡಿ' ಎಂದು ಬರೆದಿರುತ್ತಿದ್ದೆವು.

"ಅಮ್ಮಾ, ನಿಮ್ದೊಂದು ಡಬ್ಬ ನಮ್ಮ ಬೀಳಲ್ಲಿ ಬಿದ್ದೈತೆ," ಎಂದಿತು ಒಂದು ಹೆಣ್ಣು ದನಿ. "ಇದೇನು ಬಾಂಬಾ, ಕೆಮೆರಾನಾ? ಊರೋರೆಲ್ಲ ಮುಟ್ಬ್ಯಾಡ ಮುಟ್ಬ್ಯಾಡ ಅಂತವ್ರೆ. ನಾನು ಸುತ್ತ ಕಲ್ಲಿಟ್ಟು ಕಾಯ್ತಾ ಇವ್ನಿ."

"ಎರಡೂ ಅಲ್ಲಮ್ಮ. ಅದು ಗಾಳಿ ಅಳೆಯೋ ಡಬ್ಬ."

"ಗಾಳಿನಾ? ಸೇರಲ್ಲಿ ಅಳೀತೀರೋ ಪಾವಲ್ಲಿ ಅಳೀತೀರೋ?"

ನಾನು ನಕ್ಕುಬಿಟ್ಟೆ. ಆಚೆಯಿಂದಲೂ ನಗು ಕೇಳಿತು. ಆಕೆ ಕುರಿ ಕಾಯುವವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಗಂಡ ಕಂಬದೂರಿನಿಂದ ಕಲ್ಯಾಣದುರ್ಗಕ್ಕೆ ಆಟೊ ಓಡಿಸುತ್ತಿದ್ದ. ಮಾರನೆಯ ದಿನ ಅವನು ದಾರವನ್ನು ಅಲ್ಲೇ ಕೊಯ್ದು ಬಿಟ್ಟು, ಪೆಟ್ಟಿಗೆಯನ್ನಷ್ಟೇ ಸೀಟಿನ ಪಕ್ಕ ಕೂರಿಸಿಕೊಂಡು ಹೋಗಿ ಹಿಂದೂಪುರದ ಬಸ್ಸಿಗೆ ಹಾಕಿದ. ಪಂಪು ಒಂಚೂರೂ ಪೆಟ್ಟಾಗಿರಲಿಲ್ಲ.

ಅಲ್ಲಿಂದ ಮುಂದೆ ಆಕೆ ನಮ್ಮ ಕೆಲಸದೊಳಕ್ಕೆ ತಾನಾಗಿಯೇ ಬಂದಳು. ಬಲೂನು ಒಡೆದ ಮೇಲೆ ಪೆಟ್ಟಿಗೆ ಇಳಿಯುವ ದಾರಿ ನಮ್ಮ ಪರದೆಯ ಮೇಲೆ ಕಾಣುತ್ತಿತ್ತು. ಬೆಟ್ಟ ಅಡ್ಡ ಬಂದು ರೇಡಿಯೊ ಕೊನೆಯ ಸ್ವಲ್ಪ ದೂರ ಕೈಕೊಡುತ್ತಿತ್ತು. ಅಷ್ಟು ಹೊತ್ತಿಗೆ ನಾನು ಫೋನ್ ಮಾಡಿ, "ನಿಮ್ಮ ಕಡೆ ಬರ್ತಾ ಇದೆ ಕಣಮ್ಮ," ಎಂದರೆ ಸಾಕು. ಆಕೆಯೂ ಅಕ್ಕಪಕ್ಕದ ಕುರಿಗಾಹಿಗಳೂ ತಲೆ ಎತ್ತಿಕೊಂಡು ನಿಲ್ಲುತ್ತಿದ್ದರು. ಎಲ್ಲವೂ ಸಿಗಲಿಲ್ಲ. ಆದರೂ ಆ ಋತುವಿನಲ್ಲಿ ನಮಗೆ ಮರಳಿ ಬಂದಷ್ಟು ಪೆಟ್ಟಿಗೆಗಳು ಅದಕ್ಕೆ ಮುಂಚೆ ಯಾವಾಗಲೂ ಬಂದಿರಲಿಲ್ಲ.

ಒಮ್ಮೆ ನಾವೇ ಜೀಪಿನಲ್ಲಿ ಹೋದೆವು. ರೊದ್ದಂ ದಾಟಿದ ಮೇಲೆ ಕೆಂಪು ನೆಲ, ಬಂಡೆ, ಕಡಲೆಕಾಯಿ ಕಿತ್ತು ಬೀಳು ಬಿಟ್ಟ ಹೊಲಗಳು. ಆಕೆ ಬೇವಿನ ನೆರಳಲ್ಲಿ ನಮಗೆ ಮಜ್ಜಿಗೆ ಕೊಟ್ಟು, ಕೂತು ಕೇಳಿದಳು.

"ಅಲ್ಲಾ ಮೇಡಮ್ಮಾ, ಮೇಲೆ ಏನೈತೆ ಅಂತ ಇಷ್ಟೊಂದು ಒದ್ದಾಡ್ತೀರಾ?"

ಬಿಸಿಲಿನಲ್ಲಿ ಸುಡುವ ಒಂದು ಪಾಲು ಇರುತ್ತದೆ, ಅದನ್ನು ಮೇಲೆಯೇ ತಡೆಯುವ ಒಂದು ಗಾಳಿ ಇದೆ, ಅದು ನಮ್ಮ ತಲೆಯ ಮೇಲೆ ತೆಳ್ಳಗಾಗುತ್ತಿದೆಯಾ ಅಂತ ನೋಡುತ್ತಿದ್ದೇವೆ ಎಂದೆ.

"ಸೆರಗು ಹೊದ್ಕೊಂಡಂಗೆ ಅನ್ನು."

"ಹಂಗೇ."

"ತೆಳ್ಳಗಾಗಿದ್ರೆ ಏಂ ಚೇಸ್ತಾರು, ಏನ್ ಮಾಡ್ತೀರಾ? ಹೊಲಿಗೆ ಹಾಕ್ತೀರಾ?"

"ಮೊದಲು ಹೌದೋ ಅಲ್ವೋ ಗೊತ್ತಾಗಬೇಕಲ್ಲಮ್ಮ."

"ಅದೂ ಸರಿ ಅನ್ನು," ಎಂದು ಆಕೆ ಎದ್ದು, ಹೊಲದ ಬದುವಿನತ್ತ ನುಗ್ಗುತ್ತಿದ್ದ ಕುರಿಗಳ ಮೇಲೆ ಕೂಗು ಹಾಕಿದಳು. ಮಂದೆಯ ಮುಂದೆ ಹೋಗುತ್ತಿದ್ದ ಕರಿಮೂತಿಯ ಹೆಣ್ಣುಕುರಿ ನಿಂತಿತು. ಅದು ನಿಂತ ಮೇಲೆ ಉಳಿದವೆಲ್ಲ ನಿಂತವು. "ಇದೊಂದಕ್ಕೆ ಹೇಳಿದ್ರೆ ಆಯ್ತು, ಮಿಕ್ಕಿದ್ದಕ್ಕೆ ಇದೇ ಹೇಳ್ತೈತೆ," ಎಂದಳು ಹೆಮ್ಮೆಯಿಂದ.

ಆ ಊರಿನ ಶಾಲೆಯ ಮೇಷ್ಟ್ರು ಒಂದು ದಿನ ಆಕೆಯನ್ನು ಕರೆದು ಮಕ್ಕಳಿಗೆ ಪೆಟ್ಟಿಗೆ ತೋರಿಸಲು ಹೇಳಿದರಂತೆ. ಆಕೆ ತೆಲುಗಿನಲ್ಲಿ ಪಾಠ ಮಾಡಿದಳಂತೆ. ಇದನ್ನು ಹೇಳಲೆಂದೇ ನನಗೆ ಫೋನ್ ಮಾಡಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಇನ್ನೊಂದು ಫೋನು ಬಂತು. ಈ ಸಲ ಕಲ್ಯಾಣದುರ್ಗದ ಪಶು ಆಸ್ಪತ್ರೆಯ ವೈದ್ಯರದು. ಎಳೆಯ ವಯಸ್ಸಿನವರು, ತೆಲುಗಿನ ನಡುವೆ ಕನ್ನಡ ಹುಡುಕಿ ಹುಡುಕಿ ಮಾತಾಡಿದರು. "ಮೇಡಂ, ನಿಮ್ಮ ನಂಬರ್ ಕಂಬದೂರಿನ ಈಯಮ್ಮ ಕೊಟ್ರು. ಒಂದ್ಸಲ ಬಂದು ನೋಡಿದ್ರೆ ಒಳ್ಳೇದು."

ಹೋದಾಗ ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಆಕೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಗಂಡ ನಿಂತಿದ್ದ. ಕರಿಮೂತಿಯ ಕುರಿ ಕೆಲವು ದಿನದಿಂದ ಮೇವು ಬಿಟ್ಟಿತ್ತಂತೆ, ಹೊಟ್ಟೆ ಉಬ್ಬಿತ್ತಂತೆ. ಆಟೊದಲ್ಲಿ ಹಾಕಿಕೊಂಡು ಬರುವಷ್ಟರಲ್ಲಿ ದಾರಿಯಲ್ಲೇ ಮುಗಿದಿತ್ತು. ವೈದ್ಯರು ಹೊಟ್ಟೆ ಕೊಯ್ದು ನೋಡಿದ್ದರು. ಒಂದು ತಟ್ಟೆಯಲ್ಲಿ ತೊಳೆದಿಟ್ಟದ್ದನ್ನು ನನ್ನ ಮುಂದೆ ತಂದರು. ಅಂಗಡಿಯ ಪ್ಲಾಸ್ಟಿಕ್ ಕವರುಗಳ ಉಂಡೆ, ಬಣ್ಣಗೆಟ್ಟ ರಬ್ಬರಿನ ಎರಡು ಚೂರು, ಮತ್ತೆ ಉದ್ದನೆಯ ಬಿಳಿ ದಾರ.

"ಕವರು ಎಲ್ಲ ಕುರಿ ಹೊಟ್ಟೇಲೂ ಸಿಗುತ್ತೆ ಮೇಡಂ. ರಬ್ಬರಿಂದಾನೂ ಸಾಯ್ತಿರಲಿಲ್ಲ. ಆದ್ರೆ ಈ ದಾರ ನೋಡಿ. ಒಂದು ತುದಿ ಹೊಟ್ಟೇಲಿ ಸಿಕ್ಕಾಕ್ಕೊಂಡು ಇನ್ನೊಂದು ತುದಿ ಕರುಳಿಗಿಳಿದಿದೆ. ಕರುಳೆಲ್ಲ ಲಂಗದ ನಿರಿಗೆ ಥರ ಮುದುಡಿ, ಕೊಯ್ದುಹೋಗಿದೆ."

ನಾನು ತಂತ್ರಜ್ಞನ ಮುಖ ನೋಡಿದೆ. ಅವನು ತಟ್ಟೆ ನೋಡುತ್ತಿದ್ದ. ನೈಲಾನಿನ ಆ ದಾರವನ್ನು ಪ್ರತಿ ಸಲ ಅವನೇ ಸುತ್ತುತ್ತಿದ್ದ, ಗಂಟು ಹಾಕುತ್ತಿದ್ದ. ಒಂದು ಗಂಟು ಇನ್ನೂ ಬಿಚ್ಚಿರಲಿಲ್ಲ.

"ನಮ್ಮದೇ ಮೇಡಂ," ಎಂದ ಮೆಲ್ಲಗೆ.

ಆಕೆಗೆ ಅದು ಕೇಳಿಸಿತು. ಎದ್ದು ನಿಂತಳು.

"ಗಾಳಿ ಅಳೀತೀವಿ ಅಂತ ಬಂದು ನನ್ನ ಕುರಿ ತಿಂದ್ರಲ್ಲ! ನಾನೇ ನಿಮ್ಮ ಡಬ್ಬ ಹುಡುಕ್ಕೊಂಡು ಬಿಸಿಲಲ್ಲಿ ಅಲೆದೆ. ಡಬ್ಬ ನಿಮಗೆ ಕೊಟ್ಟೆ, ದಾರ ನನ್ನ ಕುರಿಗೆ ಉಳೀತು. ಬ್ಯಾಡ ತಾಯಿ. ನಿಮ್ಮ ಬಲೂನೂ ಬ್ಯಾಡ, ನೀವೂ ಬ್ಯಾಡ. ಹೋಗ್ರಿ."

ಗಂಡ, "ಊರ್ಕೋ, ಊರ್ಕೋ," ಎಂದು ಸುಮ್ಮನಿರಿಸಲು ನೋಡಿದ. ಆಕೆ ನನ್ನತ್ತ ತಿರುಗಲಿಲ್ಲ. ಕುರಿಯ ಬೆಲೆಯನ್ನು ನಾನು ಗಂಡನ ಕೈಗೆ ಕೊಟ್ಟೆ, ಅವನು ತಲೆ ತಗ್ಗಿಸಿ ತೆಗೆದುಕೊಂಡ.

ಸಂಸ್ಥೆಗೆ ಹೋಗಿ ನಮ್ಮ ನಿರ್ದೇಶಕರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕಲ್ಲು ಮನಸ್ಸಿನವರಲ್ಲ. ಪೂರ್ತಿ ಕೇಳಿಸಿಕೊಂಡರು. "ದಾರ ಬದಲಾಯಿಸಿ. ಒಪ್ಪುತ್ತೇನೆ. ಆದರೆ ಬದಲಿ ಸಿಗುವವರೆಗೆ ಸರಣಿ ನಿಲ್ಲಿಸಬೇಡಿ. ನೈಲಾನಿನಲ್ಲೇ ಹಾರಿಸಿ, ಬಿದ್ದ ಕಡೆಗೆ ಜನ ಕಳಿಸಿ, ದಾರವನ್ನೆಲ್ಲ ಆಯಿಸಿ ತನ್ನಿ. ನಿಂತ ಸರಣಿಯನ್ನು ಆಮೇಲೆ ಯಾರೂ ಹೊಲಿದುಕೊಡುವುದಿಲ್ಲ."

"ದಾರ ಎಲ್ಲಿ ಬಿತ್ತು ಅಂತ ಹುಡುಕೋದು ಹೇಗೆ ಸರ್? ಅಲ್ಲಿಯ ಜನ ಇಲ್ಲದೆ ಅದು ಆಗುವ ಮಾತಲ್ಲ."

"ಅವರನ್ನೇ ಕೇಳಿ."

ಕೇಳುವ ಮುಖ ನನಗಿಲ್ಲ ಎಂದೆ. ಹೊಸ ದಾರ ಸಿಗುವವರೆಗೆ ಹಾರಿಸುವುದಿಲ್ಲ ಎಂದೆ. ತೀರ್ಮಾನ ನನ್ನದಾಗಿತ್ತು, ಅವರು ತಡೆಯಲಿಲ್ಲ. ಹೊರಗೆ ಬಂದಾಗ ತಂತ್ರಜ್ಞ, "ಆಯಮ್ಮನ್ನ ಒಂದ್ಸಲ ಹೋಗಿ ಮಾತಾಡಿಸಿದ್ರೆ ಹೆಂಗೆ ಮೇಡಂ?" ಎಂದ. ಹೊಸ ದಾರ ಕೈಯಲ್ಲಿ ಹಿಡಿದುಕೊಂಡೇ ಹೋಗೋಣ, ಬರಿಗೈಲಿ ಬೇಡ ಎಂದೆ. ಆಗ ಅದು ಮರ್ಯಾದೆಯ ಮಾತಾಗಿ ನನಗೆ ಕೇಳಿಸಿತು.

ಕೆಲವೇ ವಾರದ ಕೆಲಸ ಅಂದುಕೊಂಡಿದ್ದೆವು. ಬಲೂನಿನ ಕೆಳಗೆ ಪೆಟ್ಟಿಗೆ ಸಾಕಷ್ಟು ದೂರ ಇಳಿಬಿದ್ದಿರಬೇಕು. ಹತ್ತಿರವಿದ್ದರೆ ಬಲೂನು ಕಲಕಿದ ಗಾಳಿಯನ್ನೇ ಪಂಪು ಎಳೆದು ಲೆಕ್ಕ ಕೆಡುತ್ತದೆ. ಹಾರುವಾಗ ಅಷ್ಟುದ್ದದ ದಾರ ನೆಲಕ್ಕೆ ತಾಗದಂತೆ ಒಂದು ರಾಟೆ ಅದನ್ನು ಮೆಲ್ಲಗೆ ಬಿಚ್ಚಿಕೊಡುತ್ತದೆ. ನೈಲಾನು ಜಾರುತ್ತದೆ, ತೇವ ಹೀರುವುದಿಲ್ಲ, ಚಳಿಗೆ ಒಡೆಯುವುದಿಲ್ಲ, ಹಾಗಾಗಿ ಎಲ್ಲರೂ ಅದನ್ನೇ ಬಳಸುತ್ತಾರೆ. ಮಣ್ಣಿನಲ್ಲಿ ಕರಗುವ, ಹೊಟ್ಟೆಯಲ್ಲಿ ಮೆತ್ತಗಾಗುವ ದಾರ ಬೇಕೆಂದರೆ ಹತ್ತಿಯದು. ಹಿಂದೂಪುರದಲ್ಲಿ ಮಗ್ಗದವರಿಗೆ ನೂಲು ಮಾರುವ ಅಂಗಡಿಗಳಿವೆ. ತಂತ್ರಜ್ಞ ಬಗೆಬಗೆಯ ಹುರಿ ತಂದ. ಬಕೆಟ್ಟಿನಲ್ಲಿ ನೆನೆಸಿದೆವು, ಪ್ರಯೋಗಾಲಯದ ಶೀತಪೆಟ್ಟಿಗೆಯಲ್ಲಿ ಸೆಟೆಯಿಸಿದೆವು, ಕಲ್ಲು ಕಟ್ಟಿ ಮಹಡಿಯಿಂದ ಜಗ್ಗಿದೆವು.

ಮೊದಲ ಪ್ರಯೋಗಕ್ಕೆ ಬರೀ ಮರಳು ತುಂಬಿದ ಪೆಟ್ಟಿಗೆ ಕಟ್ಟಿದೆವು. ಬೆಳಗಿನ ಇಬ್ಬನಿಗೆ ಹುರಿ ಊದಿಕೊಂಡು ರಾಟೆಯಲ್ಲಿ ಸಿಕ್ಕಿತು. ಪೆಟ್ಟಿಗೆ ಬಲೂನಿನ ಕುತ್ತಿಗೆಗೆ ಜೋತುಬಿದ್ದುಕೊಂಡೇ ಹೋಯಿತು. ಎರಡನೆಯ ಸಲ ತೆಳು ಹುರಿ ಹಾಕಿದೆವು. ಮೈದಾನದ ಅಂಚು ದಾಟುವ ಮೊದಲೇ ಒಂದು ಸುಳಿಗಾಳಿ ಬಂದು ಹುರಿ ಕಿತ್ತು, ಪೆಟ್ಟಿಗೆ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ತಗಡಿನ ಮೇಲೆ ಧಡಾರನೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಪ್ರಾಂಶುಪಾಲರು ಒಳ್ಳೆಯವರೇ, ಆದರೆ ಹೆದರಿದರು. ಸುರಕ್ಷತೆಯ ಬಗ್ಗೆ ಮೇಲಿನಿಂದ ಬರೆಸಿಕೊಂಡು ಬರುವವರೆಗೆ ಮೈದಾನ ಕೊಡಲಾರೆ ಎಂದರು. ಅದು ಬರುವಷ್ಟರಲ್ಲಿ ವಿಮಾನ ಸಂಚಾರದವರು ಕೊಟ್ಟಿದ್ದ ಅನುಮತಿಯ ಅವಧಿ ಮುಗಿಯಿತು. ಹಾರಿಸದೆ ಇರುವವರ ಅರ್ಜಿಯನ್ನು ಹಾರಿಸುವವರ ಅರ್ಜಿಯಷ್ಟು ಬೇಗ ಯಾರು ನೋಡುತ್ತಾರೆ? ವಾರಗಳು ತಿಂಗಳಾದವು. ಚಳಿ ಹೋಯಿತು, ಪೆನುಕೊಂಡದ ಬೆಟ್ಟದ ಮೇಲೆ ಬಿಸಿಲಿನ ಝಳ ಆಡತೊಡಗಿತು. ನಮ್ಮ ಬಲೂನುಗಳು ಡಬ್ಬಿಯಲ್ಲೇ ಇದ್ದವು.

ಹಾಗಿರುವಾಗ ಒಂದು ಮಧ್ಯಾಹ್ನ ಆಗ್ನೇಯ ಏಷ್ಯಾದ ಒಂದು ಬಲೂನು ಕೇಂದ್ರದಲ್ಲಿರುವ ಸಹೋದ್ಯೋಗಿಯಿಂದ ಒಂದು ನಕ್ಷೆ ಬಂತು. ಸಮಭಾಜಕದ ಮೇಲೆ, ಸ್ತರಗೋಳದಲ್ಲಿ, ಗಾಳಿ ಒಮ್ಮೆ ಪೂರ್ವದಿಂದ, ಒಮ್ಮೆ ಪಶ್ಚಿಮದಿಂದ ಸರದಿಯಂತೆ ಬೀಸುತ್ತದೆ. ಆ ಸರದಿಯ ಮೇಲೆ ಓಜೋನಿನ ಏರಿಳಿತವೂ ನಿಂತಿದೆ. ಆ ಸಲ ಸರದಿ ತಪ್ಪಿತ್ತು. ತಿರುಗಬೇಕಾದ ಗಾಳಿ ಅರ್ಧದಲ್ಲೇ ತಡವರಿಸಿ, ನಡುವೆ ಇನ್ನೊಂದು ಗಾಳಿ ನುಗ್ಗಿತ್ತು. ಭೂಮಿ ಬಿಸಿಯಾದಂತೆ ಇಂಥದ್ದು ಹೆಚ್ಚಬಹುದೆಂದು ನಮ್ಮಲ್ಲಿ ಕೆಲವರ ಎಣಿಕೆ. ಮೇಲಕ್ಕೆ ನುಗ್ಗುವ ಗಾಳಿಗೂ ಓಜೋನ್ ತೆಳುವಾಗುವುದಕ್ಕೂ ಇರುವ ನಂಟನ್ನು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಅದಕ್ಕಾಗಿಯೇ ನಾವು ಇಷ್ಟು ವರ್ಷ ತಪ್ಪದೆ ಹಾರಿಸುತ್ತ ಬಂದದ್ದು.

ನಕ್ಷೆಯ ಕೆಳಗೆ ಅವರು ಒಂದೇ ಸಾಲು ಬರೆದಿದ್ದರು: ಹಿಂದೂಪುರದ ಮೇಲೆ ನಿಮಗೇನು ಕಾಣುತ್ತಿದೆ?

ಉತ್ತರ ಬರೆಯಲು ಕೂತೆ. ನಮಗೆ ಏನೂ ಕಾಣುತ್ತಿರಲಿಲ್ಲ, ನಾವು ನೋಡುತ್ತಿರಲಿಲ್ಲ. ಮೇಜಿನ ಆಚೆ ತಂತ್ರಜ್ಞ ಹತ್ತಿಯ ಹುರಿಗೆ ಮೇಣ ಸವರುತ್ತಿದ್ದ, ಅದು ಅವನ ಹೊಸ ಪ್ರಯತ್ನ. ನನ್ನ ಮುಖ ನೋಡಿ ಮೇಣದ ಉಂಡೆಯನ್ನು ಕೆಳಗಿಟ್ಟ. ನೈಲಾನಿನಲ್ಲೇ ಹಾರಿಸಿಬಿಡೋಣ ಎಂದು ಆ ಕ್ಷಣ ನಾನೇ ಹೇಳಿದೆ. ಎದ್ದು ನಿರ್ದೇಶಕರ ಬಳಿಗೂ ಹೋದೆ. ಅವರು ನಕ್ಷೆ ನೋಡಿದರು. "ಯಾವ ಅನುಮತಿಯ ಮೇಲೆ ಹಾರಿಸ್ತೀರಿ?" ಎಂದರು, ಅಷ್ಟೇ. ಒಮ್ಮೆಯೂ, ನಾನು ಮೊದಲೇ ಹೇಳಿದ್ದೆ ಎನ್ನಲಿಲ್ಲ. ಅಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಮೇಣದ ಹುರಿ ಕೆಲಸ ಮಾಡಿತು. ಅನುಮತಿ ಬರುವಷ್ಟರಲ್ಲಿ ಮುಂಗಾರು ಮೋಡ ಕಟ್ಟಿತ್ತು. ಮೇಲಿನ ಗಾಳಿ ತನ್ನ ಗೊಂದಲ ಮುಗಿಸಿ ಮತ್ತೆ ಸರದಿಗೆ ಮರಳಿತ್ತು. ಬಲೂನು ಸಲೀಸಾಗಿ ಏರಿತು, ರಾಟೆ ಸರಾಗವಾಗಿ ಬಿಚ್ಚಿತು, ಅಂಕೆಗಳು ಒಂದರ ಹಿಂದೊಂದು ಇಳಿದು ಬಂದವು. ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊಸ ಹುರಿಯ ಒಂದು ಸುರುಳಿ ಹಿಡಿದುಕೊಂಡು ನಾನು ಕಂಬದೂರಿಗೆ ಹೋದೆ. ಮೊದಲು ಆಕೆ ಕುರಿ ಮೇಯಿಸುತ್ತಿದ್ದ ಬೀಳಿನ ಸುತ್ತ ಈಗ ತಂತಿಬೇಲಿ ಬಂದಿತ್ತು, ಒಳಗೆ ಸೌರ ಫಲಕಗಳ ಸಾಲು. ಗಂಡನಿಗೆ ಫೋನ್ ಮಾಡಿದೆ. ಅವನು ಬಸ್ ನಿಲ್ದಾಣದ ಹತ್ತಿರ ಕಾಯಲು ಹೇಳಿ, ಆಕೆಯನ್ನು ಆಟೊದಲ್ಲಿ ಕರೆತಂದ. ಬೈಗುಳ ಕೇಳಲು ನಾನು ಸಿದ್ಧಳಾಗಿಯೇ ನಿಂತಿದ್ದೆ.

ಆಕೆ ಬಂದು, "ಏನ್ ಮೇಡಮ್ಮಾ, ಈಗ ದಾರಿ ಗೊತ್ತಾಯ್ತಾ?" ಎಂದಳು. ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಹುರಿ ತೋರಿಸಿದೆ. ಹಲ್ಲಿನಲ್ಲಿ ಕಚ್ಚಿ ನೋಡಿ, "ನೂಲು," ಎಂದು ಒಪ್ಪಿದಳು. ಇಷ್ಟು ದಿನ ಬಲೂನು ಯಾಕೆ ಬರಲಿಲ್ಲ ಎಂದು ಕೇಳಿದಳು.

"ನೀವೇ ಬೇಡ ಅಂದ್ರಲ್ಲಮ್ಮ. ಅದಕ್ಕೆ ನಿಲ್ಲಿಸಿದೆ."

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. "ಅಯ್ಯೋ, ಸಿಟ್ಟಲ್ಲಿ ಅಂದಿದ್ದಲ್ವಾ! ಮನೆ ಬಿಟ್ಟು ಹೋಗು ಅಂತ ದಿನಾ ಇವನಿಗೂ ಅಂತೀನಿ. ಹೋಗ್ಬುಟ್ಟವ್ನಾ?" ಆಟೊಗೆ ಒರಗಿದ್ದ ಗಂಡ ನಕ್ಕ. ಆಕೆ ನಗಲಿಲ್ಲ. "ಮೂರು ದಿನಕ್ಕೆ ನನ್ನ ಸಿಟ್ಟು ಇಳೀತು. ನೀವು ಫೋನ್ ಮಾಡ್ತೀರಾ ಅಂತ ನೋಡ್ದೆ. ಬಿದ್ದಿದ್ದ ದಾರ ಎಲ್ಲ ನಾವು ನಾಕು ಮಂದಿ ಹುಡುಕಿ ಆಯ್ದಾಕಿದ್ವಿ. ಇನ್ಮೇಲೆ ಡಬ್ಬದ ಜೊತೆ ದಾರಾನೂ ಸುತ್ತಿಟ್ಕಂಡ್ರಾಯ್ತು ಅಂತ ಮಾತಾಡ್ಕಂಡಿದ್ವಿ. ಕುರಿ ಬಿಟ್ಕಂಡು ಮೇಲೆ ನೋಡ್ತಾ ನಿಂತಿದ್ದೇ ಬಂತು. ಒಂದೂ ಬರಲಿಲ್ಲ. ಊರಲ್ಲಿ, ಮೇಡಮ್ಮನ್ನ ಬೈದು ಓಡಿಸ್ಬುಟ್ಟೆ ಅಂತ ನನ್ನೇ ಆಡ್ಕಂಡ್ರು."

ನನ್ನ ಲೋಟದ ಟೀ ಆರುತ್ತಿತ್ತು. ಒಮ್ಮೆ ಕೇಳಿದ್ದರೆ ಸಾಕಿತ್ತು. ಆಕೆಯ ಮಾತಿಗೆ ಬೆಲೆ ಕೊಡುತ್ತಿದ್ದೇನೆ ಅಂದುಕೊಂಡು ಆಕೆಯ ಹತ್ತಿರ ಮಾತನ್ನೇ ಆಡದೆ ಉಳಿದಿದ್ದೆ.

"ಇರ್ಲಿ ಬಿಡು," ಎಂದಳು ಆಕೆ, ನನ್ನ ಮುಖ ಕಂಡು ಮರುಕಪಟ್ಟವಳಂತೆ. "ನಿಮ್ಮ ಲೆಕ್ಕ ಏನಂತೈತೆ ಈಗ? ಮೇಲೆ ತೆಳ್ಳಗಾಗೈತಾ, ಇಲ್ವಾ?"

ಸುಳ್ಳು ಹೇಳಬಹುದಿತ್ತು. "ಹೇಳೋಕೆ ಆಗ್ತಿಲ್ಲಮ್ಮ. ನಡುವೆ ಕೆಲವು ತಿಂಗಳು ಅಳೆಯಲಿಲ್ಲವಲ್ಲ. ಅದೇ ತಿಂಗಳಲ್ಲಿ ಮೇಲೆ ದೊಡ್ಡದೊಂದು ಬದಲಾವಣೆ ಆಗಿ ಹೋಯ್ತು. ಅದು ನಮ್ಮ ಲೆಕ್ಕದಲ್ಲಿ ಇಲ್ಲ. ಈಗ ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಇನ್ನೂ ಎಷ್ಟೋ ವರ್ಷ ಬೇಕು."

"ಮತ್ತೆ ಅಳೆಯೋಕೆ ಆಗಲ್ವಾ ಅದನ್ನ?"

"ಹೋದ ಗಾಳಿ ಹೋಯ್ತು."

ರಸ್ತೆಯಲ್ಲಿ ಕಲ್ಯಾಣದುರ್ಗದ ಬಸ್ಸು ಬಂದು ನಿಂತು, ಜನ ಇಳಿದು, ಮತ್ತೆ ಹೊರಟಿತು. ಅದರ ಧೂಳು ಕೂತ ಮೇಲೆ ಆಕೆ ತಗ್ಗಿದ ದನಿಯಲ್ಲಿ ಕೇಳಿದಳು:

"ನಾನು ಬೈದಿದ್ದು ಅಷ್ಟು ಮೇಲಕ್ಕೆ ಹೋಯ್ತಾ ಮೇಡಮ್ಮಾ?"

ಇಲ್ಲ ಎಂದೆ. ಅದು ನಿಮ್ಮಿಂದ ಅಲ್ಲ, ನನ್ನಿಂದ ಎಂದೆ. ತೆಲುಗಿನಲ್ಲೂ ಹೇಳಿದೆ. ಆಕೆ ತಲೆ ಆಡಿಸಿದಳೇ ಹೊರತು ನಂಬಿದ ಹಾಗೆ ಕಾಣಲಿಲ್ಲ. ಗಂಡ ಆಟೊ ಚಾಲೂ ಮಾಡಿದಾಗ ಎದ್ದು, ಹುರಿಯ ಸುರುಳಿಯನ್ನು ನನ್ನ ಕೈಗೆ ಜೋಪಾನವಾಗಿ ಮರಳಿಸಿ, ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.